ಚರ್ಮಕ್ಕೆ ಮುಪ್ಪಿಲ್ಲ, ಮೂಳೆಗೆ ಉಂಟು

ಮಲೆನಾಡಿನ ಹಳೆಯ ಮನೆಗಳಲ್ಲಿ ಬೆಳೆದವರಿಗೆ ಈ ಅನುಭವ ಆಗಿರಬಹುದು. ನಡುಮನೆಯ ಬಾಗಿಲವಾಡ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ಹಿಂದಿನ ದೀಪಾವಳಿಗೆ ಬಳಿದ ಪೇಂಟು ಇನ್ನೂ ಮಿರುಗುತ್ತಿರುತ್ತದೆ. ಯಾವುದೋ ಮಗು ಆಟಕ್ಕೆಂದು ಬೆರಳಿನಿಂದ ಒತ್ತುತ್ತದೆ. ಬೆರಳು ಸೀದಾ ಒಳಗೆ! ಗೆದ್ದಲು ಮರವನ್ನೆಲ್ಲ ತಿಂದು ಮುಗಿಸಿ, ಪೇಂಟಿನ ಪದರವೊಂದನ್ನು ಮಾತ್ರ ಮರ್ಯಾದೆಗೆಂದು ಉಳಿಸಿರುತ್ತದೆ. ‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆ ಹುಟ್ಟಿದ್ದು ಇಂಥ ಬಾಗಿಲವಾಡದ ಎದುರೇ ಇರಬೇಕು.

ಕಾರುಗಳಲ್ಲೂ ಇಂಥದೊಂದು ಜಾತಿ ಇದೆ. ಮೈಯೆಲ್ಲ ಫೈಬರ್ ಗ್ಲಾಸ್, ಅಂದರೆ ಗಾಜಿನ ನಾರನ್ನು ರಾಳದಲ್ಲಿ ತೋಯಿಸಿ ಅಚ್ಚಿನ ಮೇಲೆ ಒಣಗಿಸಿದ ಹೊದಿಕೆ. ಅದಕ್ಕೆ ತುಕ್ಕು ಹಿಡಿಯುವುದಿಲ್ಲ. ನಲವತ್ತು ವರ್ಷ ಮಳೆಯಲ್ಲಿ ನಿಂತರೂ ಮೇಲಿನ ಬಣ್ಣ ಮಾಸಬಹುದು, ಕೂದಲೆಳೆಯಷ್ಟು ಬಿರುಕುಗಳು ಮೂಡಬಹುದು, ಅಷ್ಟೇ. ಆದರೆ ಆ ಮೈಯನ್ನು ಹೊತ್ತು ನಿಂತಿರುವುದು ಕಬ್ಬಿಣ. ತಗಡಿನ ಕಾರಾದರೆ ತುಕ್ಕು ಪೇಂಟಿನ ಮೇಲೆ ಗುಳ್ಳೆಯೆಬ್ಬಿಸಿ ‘ನಾನು ಬಂದಿದ್ದೇನೆ’ ಎಂದು ಹೇಳುತ್ತದೆ. ಫೈಬರ್ ಮೈಯ ಕಾರಿನಲ್ಲಿ ಹಾಗೆ ಹೇಳುವವರೇ ಇಲ್ಲ.

ನನ್ನ ಭಾವನವರ ಬಳಿ ಇಂಥದೊಂದು ಕಾರಿದೆ. ನಮ್ಮ ಬೆಂಗಳೂರಿನಲ್ಲೇ ತಯಾರಾದ ಡಾಲ್ಫಿನ್. ಇಂದಿನ ಹುಡುಗರಿಗೆ ಹೆಸರೂ ಗೊತ್ತಿರಲಾರದು. ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿ 1975ರಿಂದ ‘ಕಿಟನ್’ ಎಂಬ ಪುಟ್ಟ ಕಾರನ್ನು ಮಾಡುತ್ತಿತ್ತು. ಅದನ್ನೇ ಆಧರಿಸಿ ಬೆಂಗಳೂರಿನ ಸಿಪಾನಿ ಕಂಪನಿ 1982ರಲ್ಲಿ ಡಾಲ್ಫಿನ್ ಹೊರತಂದಿತು. ಎರಡು ಬಾಗಿಲು, 848 ಸಿ.ಸಿ. ಎಂಜಿನ್, ಉಕ್ಕಿನ ಚಾಸಿಯ ಮೇಲೆ ಫೈಬರ್ ಮೈ. ಹಗುರಾದ್ದರಿಂದ ಚುರುಕಾಗಿ ಓಡುತ್ತಿತ್ತು. ಆ ಕಾಲದ ರ‍್ಯಾಲಿ ಹುಡುಗರಿಗೆ ಅಚ್ಚುಮೆಚ್ಚು. 1983ರ ಕೊನೆಗೆ ಮಾರುತಿ ಬಂತು. ಮುಂದಿನ ಕಥೆ ಎಲ್ಲರಿಗೂ ಗೊತ್ತಿರುವುದೇ.

ಭಾವನವರ ಮನೆ ಕುಂದಾಪುರದ ಕಡೆ, ಸಮುದ್ರದ ಭೋರ್ಗರೆತ ಕೇಳುವಷ್ಟು ಹತ್ತಿರ. ಅಲ್ಲಿ ಸೈಕಲ್ಲಿನ ಹ್ಯಾಂಡಲ್ಲಿನಿಂದ ಹಿಡಿದು ಬಾವಿಯ ರಾಟೆಯವರೆಗೆ ಎಲ್ಲಕ್ಕೂ ತುಕ್ಕು. ನೆರೆಯವರ ಅಂಬಾಸಿಡರಿನ ಬಾಗಿಲು ಕೆಳಗಿನಿಂದ ಜರಡಿಯಾಗುತ್ತಿದ್ದಾಗ ಇವರು ತಮ್ಮ ಡಾಲ್ಫಿನ್ನಿನ ಬಾನೆಟ್ಟನ್ನು ಬೆರಳಿನಿಂದ ಬಡಿದು, ‘ಕೇಳಿ, ಟಪ್ ಟಪ್ ಅನ್ನುತ್ತೆ. ಇದಕ್ಕೆ ಸಾವಿಲ್ಲ’ ಎನ್ನುತ್ತಿದ್ದರು. ಅದನ್ನು ಕೇಳಿಕೊಂಡೇ ಬೆಳೆದವನು ಅವರ ಮಗ, ಅಂದರೆ ನನ್ನ ಸೋದರಳಿಯ.

ಅಳಿಯ ಈಗ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದಾನೆ. ಸಂಬಳ ಕೈಗೆ ಸಿಕ್ಕು, ಸಾಲ ತೀರಿ, ಮಗುವೂ ಆದ ಮೇಲೆ ಅವನಿಗೆ ಹಳೆಯ ಕಾರಿನ ಹುಚ್ಚು ಹಿಡಿಯಿತು. ಕೊಂಡದ್ದು 1972ರ ಷೆವ್ರೊಲೆ ಕಾರ್ವೆಟ್. ಕಡುಗೆಂಪು ಬಣ್ಣ; ಮೂತಿ ನೋಡಿದರೆ ಸಮುದ್ರದ ಮೀನೇ. ಕೊಳ್ಳುವ ಮೊದಲು ಎಂಜಿನ್ನಿನ ಸದ್ದು ಕೇಳಿದ, ಗೇರು ಹಾಕಿ ನೋಡಿದ, ಬಣ್ಣದ ಮೇಲೆ ಕೈಯಾಡಿಸಿದ. ಕೆಳಗೆ ಬಗ್ಗಿ ನೋಡಲಿಲ್ಲ. ‘ಫೈಬರ್ ಗಾಡಿ ಮಾವ, ತುಕ್ಕಿನ ಯೋಚನೆಯೇ ಇಲ್ಲ’ ಎಂದು ಫೋನಿನಲ್ಲಿ ಹೇಳಿದ. ಅಪ್ಪನ ಮಾತೇ ಮಗನ ಬಾಯಲ್ಲಿ.

ಕಾರ್ವೆಟ್ಟಿಗೆ ಫೈಬರ್ ಮೈ ಬಂದದ್ದು ತುಕ್ಕಿನ ಭಯಕ್ಕಲ್ಲ. 1953ರಲ್ಲಿ ಜನರಲ್ ಮೋಟಾರ್ಸ್ ಈ ಕಾರನ್ನು ಮೊದಲು ತಯಾರಿಸಿದಾಗ ಆ ವರ್ಷ ಕಟ್ಟಿದ್ದು 300 ಕಾರುಗಳನ್ನು ಮಾತ್ರ, ಎಲ್ಲವೂ ಬಿಳಿಯವೇ. ಅಷ್ಟು ಕಡಿಮೆ ಸಂಖ್ಯೆಗೆ ತಗಡು ಒತ್ತುವ ಭಾರಿ ಅಚ್ಚುಗಳನ್ನು ಮಾಡಿಸಿದರೆ ದುಡ್ಡು ಹುಟ್ಟುವುದಿಲ್ಲ. ಫೈಬರ್ ಆದರೆ ಅಚ್ಚು ಅಗ್ಗ, ಕೆಲಸ ಬೇಗ. 1963ರಲ್ಲಿ ಬಂದ ಎರಡನೆಯ ಪೀಳಿಗೆಯ ಕಾರಿನಲ್ಲಿ ಮೈ ಇನ್ನಷ್ಟು ಬಿಗಿಯಾಗಲೆಂದು ಫೈಬರಿನ ಒಳಗೆ ಉಕ್ಕಿನ ಹಂದರವೊಂದನ್ನು ಕೂರಿಸಿದರು. ಮುಂದಿನ ಗಾಜಿನ ಸುತ್ತ, ಬಾಗಿಲುಗಳ ಹಿಂದೆ ಮುಂದೆ, ಹೊಸ್ತಿಲಿನ ಉದ್ದಕ್ಕೆ, ಮಾಡಿನ ಕೆಳಗೆ ಹಾದುಹೋಗುವ ತಗಡಿನ ಕಂಬ ತೊಲೆಗಳ ಆ ಚೌಕಟ್ಟು ನೋಡಲು ಹಕ್ಕಿ ಸಾಕುವ ಗೂಡಿನಂತೆಯೇ ಇದ್ದದ್ದರಿಂದ ಅದಕ್ಕೆ ‘ಬರ್ಡ್‌ಕೇಜ್’ ಎಂದೇ ಹೆಸರಾಯಿತು. 1968ರಿಂದ 1982ರವರೆಗಿನ ಮೂರನೆಯ ಪೀಳಿಗೆಗೂ ಇದೇ ಏರ್ಪಾಟು. ಬಾಗಿಲು ನೇತಾಡುವುದು ಈ ಪಂಜರದ ಕಂಬಕ್ಕೆ. ಇಡೀ ಮೈ ಚಾಸಿಗೆ ಕಚ್ಚಿಕೊಂಡಿರುವುದು ಇದರ ಬುಡದ ಬೋಲ್ಟುಗಳಿಂದ. ಅದಕ್ಕೆ ಅಂಟಿಸಿ, ರಿವೆಟ್ ಹೊಡೆದದ್ದು ಹೊರಗೆ ಕಾಣುವ ಕೆಂಪು ಮೈ.

ಮೊದಲ ಸುಳಿವು ಕೊಟ್ಟದ್ದು ವಾಸನೆ. ಮಳೆ ಬಂದ ಮರುದಿನ ಕಾರಿನೊಳಗೆ ಒದ್ದೆ ಗೋಣಿಯ ನಾತ. ಚಾಲಕನ ಕಾಲಡಿಯ ಕಾರ್ಪೆಟ್ ಹಿಂಡಿದರೆ ನೀರು. ಅಳಿಯ ಗಾಜಿನ ಅಂಚಿಗೆ ಅಂಟುಪಟ್ಟಿ ಹಚ್ಚಿ ಸುಮ್ಮನಾದ. ಮುಂದಿನ ಬೇಸಿಗೆಯಲ್ಲಿ ಬಾಗಿಲು ಮುಚ್ಚಲು ತುಸು ಎತ್ತಿ ತಳ್ಳಬೇಕಾಯಿತು. ಹಿಂಜಿಗೆ ಎಣ್ಣೆ ಬಿಟ್ಟ. ಮತ್ತೊಂದು ವರ್ಷಕ್ಕೆ ಬಾಗಿಲಿನ ಸಂದು ಮೇಲೆ ಕಿರಿದು, ಕೆಳಗೆ ಅಗಲ. ಆಗ ಅನುಮಾನ ಬಂದು, ಪೆಡಲುಗಳ ಪಕ್ಕದಲ್ಲಿ ಕಾಲು ತಾಗುವ ಕಡೆಯಿರುವ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ಬಿಚ್ಚಿ ಟಾರ್ಚು ಹಾಕಿದ. ಈ ಕಾರುಗಳನ್ನು ಬಲ್ಲವರು ಮೊದಲು ನೋಡುವ ಜಾಗವೇ ಅದು. ಎರಡು ನಿಮಿಷದ ಕೆಲಸ, ಕೊಳ್ಳುವ ದಿನ ಮಾಡಬೇಕಾಗಿದ್ದದ್ದು.

ಮುಚ್ಚಳದ ಹಿಂದಿನಿಂದ ಒಂದು ಬೊಗಸೆಯಷ್ಟು ಕಂದು ಹೊಟ್ಟು ಸುರಿಯಿತಂತೆ. ಒಳ್ಳೆ ರಾಗಿ ತೌಡಿನ ಹಾಗಿತ್ತು ಎಂದ. ಬಾಗಿಲು ಹೊತ್ತ ಕಂಬದ ಬುಡ, ಅಂದರೆ ಮೈಯನ್ನು ಚಾಸಿಗೆ ಬಿಗಿದ ಬೋಲ್ಟಿನ ಸುತ್ತಲಿನ ತಗಡು, ಅಲ್ಲಿರಲೇ ಇಲ್ಲ. ಬೋಲ್ಟು ಗಾಳಿಯನ್ನು ಹಿಡಿದುಕೊಂಡು ನಿಂತಿತ್ತು! ಅದೇ ಕಾರಿನಲ್ಲಿ ಅವನು ಹೆಂಡತಿಯನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಓಡಾಡಿದ್ದ.

ನೀರು ಅಲ್ಲಿಗೆ ಹೋದದ್ದು ಹೇಗೆ? ಗಾಜಿನ ಸುತ್ತ ಹೊಳೆಯುವ ಸ್ಟೀಲ್ ಪಟ್ಟಿ ಇರುತ್ತದೆ. ಅದರಡಿ ಧೂಳು, ಎಲೆಯ ಚೂರು ಸೇರಿ ಒದ್ದೆಯಾಗಿಯೇ ಉಳಿಯುತ್ತದೆ. ಮೊದಲು ಚೌಕಟ್ಟಿನ ಕೆಳಮೂಲೆಯಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ಅಲ್ಲಿಂದ ನೀರು ಟೊಳ್ಳು ಕಂಬದೊಳಗೆ ಇಳಿದು ಬುಡದಲ್ಲಿ ನಿಲ್ಲುತ್ತದೆ. ಕಬ್ಬಿಣ, ನೀರು, ಗಾಳಿ ಮೂರೂ ಒಂದೇ ಮನೆಯಲ್ಲಿ, ಬಾಗಿಲು ಹಾಕಿಕೊಂಡು. ಇನ್ನೇನು ಬೇಕು? ಒಹಾಯೊದಂಥ ಕಡೆ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಆ ಉಪ್ಪುನೀರು ಕೆಳಗಿನಿಂದ ಚಿಮ್ಮಿ ಚಾಸಿಯ ಪೆಟ್ಟಿಗೆಯಂಥ ತೊಲೆಗಳೊಳಗೆ ಸೇರುತ್ತದೆ. ಹಿಂದಿನ ಚಕ್ರದ ಮುಂದೆ ತೊಲೆ ಮೇಲಕ್ಕೆ ಬಾಗುವಲ್ಲಿ ಕೆಸರಿನೊಡನೆ ಕೂತುಬಿಡುತ್ತದೆ. ನೀರಿನಲ್ಲಿ ಉಪ್ಪು ಕರಗಿದರೆ ಅದು ವಿದ್ಯುತ್ತನ್ನು ಸಲೀಸಾಗಿ ಹರಿಯಬಿಡುತ್ತದೆ. ತುಕ್ಕು ಹಿಡಿಯುವುದೂ ಒಂದು ವಿದ್ಯುತ್ ವ್ಯವಹಾರವೇ ಆದ್ದರಿಂದ ಅದರ ವೇಗ ಏರುತ್ತದೆ. ಸಾಲದ್ದಕ್ಕೆ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಉಬ್ಬಿ ಉಬ್ಬಿ ಅಂಟನ್ನು ಎಬ್ಬಿಸಿ, ಫೈಬರನ್ನು ಒಳಗಿನಿಂದಲೇ ದೂಡುತ್ತದೆ.

ಊರಿನ ಗ್ಯಾರೇಜೊಂದರವರು ಬಂದು ನೋಡಿ ಸುಲಭೋಪಾಯ ಹೇಳಿದರಂತೆ. ತುಕ್ಕನ್ನು ಕಪ್ಪಾಗಿಸುವ ದ್ರಾವಣ ಬಳಿದು, ಮೇಲೊಂದು ತಗಡು ಹೊದಿಸಿ, ಕರಿ ಟಾರು ಹಚ್ಚಿ ಮುಗಿಸುವುದು. ಆ ದ್ರಾವಣದಲ್ಲಿರುವುದು ಟ್ಯಾನಿಕ್ ಆಮ್ಲವೋ ಫಾಸ್ಫರಿಕ್ ಆಮ್ಲವೋ. ಮೇಲ್ಮೈ ತುಕ್ಕನ್ನು ಅದು ನಿಜಕ್ಕೂ ಬೇರೊಂದು ಗಟ್ಟಿ ಲವಣವಾಗಿ ಬದಲಿಸುತ್ತದೆ. ಅದರಲ್ಲಿ ಮೋಸವಿಲ್ಲ. ಆದರೆ ಇಲ್ಲದ ಕಬ್ಬಿಣವನ್ನು ಯಾವ ಆಮ್ಲವೂ ಹುಟ್ಟಿಸಲಾರದು. ಹೊಸ ತಗಡನ್ನು ಬೆಸೆಯಬೇಕಾದರೂ ಬೆಸೆಯುವುದು ಯಾವುದಕ್ಕೆ? ಹಪ್ಪಳಕ್ಕೆ ಹೊಲಿಗೆ ಹಾಕಲಾದೀತೇ?

ಆಗ ಅಳಿಯ ಮಾಡಿದ್ದು ಎರಡು ಚಳಿಗಾಲದ ಕೆಲಸ. ತಾನು ಕಂಪ್ಯೂಟರಿನವನು, ಬೆಸುಗೆ ಕಲಿತವನಲ್ಲ. ವಾರಾಂತ್ಯದ ತರಗತಿಗೆ ಹೋಗಿ ಕಲಿತ. ಅಲ್ಲಿಗೆ ಹೋಗಿದ್ದಾಗ ಆ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ನೋಡಿದ್ದೇನೆ. ಅಲ್ಲಿ ಕಂಡದ್ದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ಆತುರಗಾರರು ಎಡವುವುದು ಕಷ್ಟದ ಕೆಲಸದಲ್ಲಲ್ಲ, ಅದಕ್ಕೂ ಮೊದಲಿನ ಸಣ್ಣ ಕೆಲಸಗಳಲ್ಲಿ.

ಚಾಸಿಯಿಂದ ಮೈಯನ್ನು ಎತ್ತುವ ಮೊದಲು ಬಾಗಿಲುಗಳನ್ನು ಕಳಚಿ, ಆ ಖಾಲಿ ಜಾಗಕ್ಕೆ ಅಡ್ಡಡ್ಡ ಉಕ್ಕಿನ ಊರೆಗೋಲು ಕೊಡಬೇಕು. ಬುಡ ಕೊಳೆತ ಪಂಜರವನ್ನು ಹಾಗೆಯೇ ಎತ್ತಿದರೆ ನಡುವೆ ಮಡಚಿಕೊಳ್ಳುತ್ತದೆ. ಒಮ್ಮೆ ಮಡಚಿದರೆ ಮುಗಿಯಿತು, ಆಮೇಲೆ ಯಾವ ಬಾಗಿಲೂ ಯಾವ ಗಾಜೂ ಸರಿಯಾಗಿ ಕೂರುವುದಿಲ್ಲ. ಎರಡನೆಯದು, ಮೈ ಮತ್ತು ಚಾಸಿಯ ನಡುವೆ ಪ್ರತಿ ಬೋಲ್ಟಿನಲ್ಲೂ ತೆಳು ತಗಡಿನ ಬಿಲ್ಲೆಗಳಿರುತ್ತವೆ. ಕೈಯಲ್ಲಿ ಕಟ್ಟಿದ ಮೈ ಪ್ರತಿ ಕಾರಿನಲ್ಲೂ ಕೂದಲೆಳೆ ಹೆಚ್ಚುಕಡಿಮೆ. ಕಾರ್ಖಾನೆಯವರು ಒಂದು ಕಡೆ ಎರಡು, ಇನ್ನೊಂದು ಕಡೆ ನಾಲ್ಕು, ಮತ್ತೊಂದು ಕಡೆ ಒಂದೂ ಇಲ್ಲ ಎಂಬಂತೆ ಅವನ್ನು ಸೇರಿಸಿ ಸಮ ಮಾಡಿರುತ್ತಾರೆ. ಯಾವ ಬೋಲ್ಟಿಗೆ ಎಷ್ಟು ಬಿಲ್ಲೆ ಎಂದು ಬರೆದಿಟ್ಟುಕೊಳ್ಳದೆ ಬಿಚ್ಚಿದವನು ಜೋಡಿಸುವಾಗ ತಲೆ ಚಚ್ಚಿಕೊಳ್ಳುತ್ತಾನೆ. ಅಳಿಯ ಒಂದೊಂದನ್ನೂ ಒಂದೊಂದು ಉಪ್ಪಿನಕಾಯಿ ಬಾಟಲಿಗೆ ಹಾಕಿ ಚೀಟಿ ಅಂಟಿಸಿದ್ದ. ಆ ಬಾಟಲಿಗಳ ಸಾಲು ನೋಡಿದರೆ ಯಾರೋ ಹಳ್ಳಿಯ ಪಂಡಿತರ ಔಷಧದ ಕಪಾಟು ಎನ್ನಬೇಕು.

ಇನ್ನು ಫೈಬರ್ ಬಿಡಿಸುವುದು. ಕೊಳೆತ ತಗಡು ಕೈಗೆ ಸಿಗಬೇಕಾದರೆ ಅದರ ಮೇಲೆ ಅಂಟಿಸಿದ ಫೈಬರ್ ಹಲಗೆ ಏಳಬೇಕು. ಬಿಸಿಗಾಳಿಯ ಗನ್ನಿನಿಂದ ಸಂದಿಯನ್ನು ಕಾಯಿಸಿ, ತೆಳುವಾದ ಅಲಗನ್ನು ಅಂಗುಲ ಅಂಗುಲವಾಗಿ ತೂರಿಸಿ, ಅಂಟು ಮೆತ್ತಗಾದಂತೆ ಬಿಡಿಸುತ್ತಾರೆ. ಅಡಗಿರುವ ರಿವೆಟ್‌ಗಳನ್ನು ಕೊರೆದು ತೆಗೆಯುತ್ತಾರೆ. ಹಲಸಿನ ಹಣ್ಣು ಬಿಡಿಸುವ ತಾಳ್ಮೆ ಬೇಕು. ಎಳೆದರೆ ಸೀಳುತ್ತದೆ. ಗಾಜಿನ ಕೆಳಗಿನ ಒಂದು ಮೂಲೆಯನ್ನು ಬಿಡಿಸಲಾಗದೆ, ಫೈಬರನ್ನು ಬಿಟ್ಟುಕೊಂಡೇ ಬೆಸುಗೆ ಹಾಕಿಬಿಡುತ್ತೇನೆ ಎಂದು ಅಳಿಯ ಹೊರಟ. ಒದ್ದೆ ಬಟ್ಟೆ ಸುತ್ತಿದ್ದ. ಆದರೂ ರಾಳ ಹೊತ್ತಿಕೊಂಡು ಕರಿ ಹೊಗೆ ಎದ್ದಿತು. ನಾನು ಸ್ಟೂಲು ಬಿಟ್ಟು ಓಡಿದೆ. ಒಂದು ಅಂಗೈಯಗಲ ಮೈ ಸುಟ್ಟು ಕರಕಾಯಿತು. ಅಷ್ಟಕ್ಕೇ ಮುಗಿದದ್ದು ಪುಣ್ಯ. ಅಂದು ಸಂಜೆ ಅವನು ಆ ಮೂಲೆಯನ್ನು ಗರಗಸದಿಂದ ನೀಟಾಗಿ ಕತ್ತರಿಸಿ ಪಕ್ಕಕ್ಕಿಟ್ಟ. ಫೈಬರನ್ನು ಕತ್ತರಿಸಿ ಮತ್ತೆ ಸೇರಿಸುವುದು ಸುಲಭ, ಬೆಂದದ್ದನ್ನು ಸರಿಪಡಿಸುವುದು ಕಷ್ಟ.

ಕಬ್ಬಿಣದ ಕೆಲಸದಲ್ಲಿ ನಿಯಮ ಒಂದೇ: ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸುತ್ತಲೇ ಹೋಗಬೇಕು. ಎರಡಂಗುಲದ ತೂತೆಂದು ಶುರುವಾದದ್ದು ಒಂದು ಗೇಣಾಯಿತು. ಅದೇ ದಪ್ಪದ ತಗಡನ್ನು ಅದೇ ಆಕಾರಕ್ಕೆ ಬಡಿದು, ಸತು ಬೆರೆತ ಪ್ರೈಮರ್ ಹಚ್ಚಿ, ಬಿಸಿಗೆ ಸುತ್ತಲಿನದು ಸೊಟ್ಟಗಾಗದಂತೆ ಚುಕ್ಕಿ ಚುಕ್ಕಿಯಾಗಿ ಬೆಸೆದ. ಎಡಗಡೆಯ ಕಂಬ ಮಾಡುವಾಗ ಇನ್ನೊಂದು ಇಕ್ಕಟ್ಟು. 1968ರ ನಂತರದ ಕಾರ್ವೆಟ್‌ಗಳಲ್ಲಿ ಕಾರಿನ ಗುರುತಿನ ಸಂಖ್ಯೆಯ ಫಲಕವನ್ನು ರಿವೆಟ್ ಮಾಡಿರುವುದು ಗಾಜಿನ ಎಡಗಂಬಕ್ಕೆ, ಅಂದರೆ ಕೊಳೆಯುವ ಆ ಪಂಜರಕ್ಕೇ! ಫಲಕ ಕಿತ್ತರೆ ಕಾನೂನಿನ ತೊಡಕು. ಬೇರೆ ಕಾರಿನ ಒಳ್ಳೆಯ ಪಂಜರವನ್ನು ತಂದು ಕೂರಿಸಿದರೆ ಅದು ಯಾವ ಕಾರು? ಅಳಿಯನ ಅದೃಷ್ಟಕ್ಕೆ ಫಲಕವಿದ್ದ ಭಾಗ ಗಟ್ಟಿಯಾಗಿತ್ತು. ಅದರಡಿಯವರೆಗೆ ಬಂದು ನಿಲ್ಲಿಸಿದ.

ಬೆಸುಗೆ ಆರಿದ ಮೇಲೆ ಎಪಾಕ್ಸಿ ಪ್ರೈಮರ್. ಟೊಳ್ಳು ಕಂಬಗಳೊಳಗೆ ಉದ್ದ ನಳಿಗೆಯ ಮೂಲಕ ಕರಗಿದ ಮೇಣ. ಇದಕ್ಕಿಂತ ಮುಖ್ಯವಾಗಿ, ಕಾರ್ಖಾನೆಯವರೇ ಬಿಟ್ಟಿದ್ದು ಕೆಸರಿನಿಂದ ಮುಚ್ಚಿಹೋಗಿದ್ದ ನೀರು ಬಸಿಯುವ ತೂತುಗಳನ್ನು ತಂತಿ ಹಾಕಿ ತೆರೆದ. ಬಿಡಿಸಿದ ಫೈಬರನ್ನು ಮತ್ತೆ ಅಂಟಿಸುವಾಗ ಎರಡೂ ಕಡೆ ಉಜ್ಜಿ ತರಿ ಮಾಡಬೇಕು, ಇಲ್ಲವಾದರೆ ಅಂಟು ಕಚ್ಚುವುದಿಲ್ಲ. ಕತ್ತರಿಸಿದ ಕಡೆ ಅಂಚನ್ನು ದೂರದವರೆಗೆ ಇಳಿಜಾರಾಗಿ ತೇಯ್ದು ಪದರ ಪದರವಾಗಿ ನಾರು ಹಾಕುತ್ತಾರೆ. ಹಳೆಯ ಮೈ ಪಾಲಿಯೆಸ್ಟರ್ ರಾಳದ್ದು. ಅದರ ಮೇಲೆ ಎಪಾಕ್ಸಿ ಚೆನ್ನಾಗಿ ಹಿಡಿಯುತ್ತದೆ, ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಅಷ್ಟು ಹಿಡಿಯುವುದಿಲ್ಲ. ಈ ಹಿಂದುಮುಂದು ತಿಳಿಯದೆ ಕೈಸುಟ್ಟುಕೊಂಡವರು ಬಹಳ. ಉಜ್ಜಿದ ಧೂಳು ಮೈಗೆ ತಾಗಿದರೆ ನಸುಗುನ್ನಿ ಕಾಯಿ ಸೋಕಿದ ಹಾಗೆ ತುರಿಕೆ. ಮುಖಕ್ಕೆ ಮುಸುಕು, ಕೈಗೆ ಟಾಲ್ಕಂ ಪೌಡರ್ ಹಚ್ಚಿಕೊಂಡೇ ಇಳಿಯಬೇಕು. ಕೊನೆಗೆ, ಅಂಟಿದ ಕೂಡಲೇ ಬಣ್ಣ ಹೊಡೆಯಬಾರದು. ಅಂಟು ವಾರಗಟ್ಟಲೆ ಸಂಕುಚಿಸುತ್ತದೆ. ಆತುರಪಟ್ಟರೆ ಮುಂದಿನ ಬೇಸಿಗೆಗೆ ಸಂದಿಯ ಗೆರೆ ಬಣ್ಣದ ಮೇಲೆ ಎದ್ದು ಕಾಣುತ್ತದೆ.

ಅಮೆರಿಕದವರಷ್ಟೇ ಈ ಪಾಡು ಪಟ್ಟವರಲ್ಲ. ಇಂಗ್ಲೆಂಡಿನ ಲೋಟಸ್ ಕಂಪನಿಯ ಕಾಲಿನ್ ಚಾಪ್ಮನ್ 1962ರಲ್ಲಿ ಹೊರತಂದ ‘ಎಲಾನ್’ ಕಾರಿಗೂ ಫೈಬರ್ ಮೈ, ಒಳಗೆ ಬೆನ್ನುಮೂಳೆಯಂಥ ಉಕ್ಕಿನ ಚಾಸಿ. ಅದರ ದೀಪಗಳು ಬೇಡದಾಗ ಬಾನೆಟ್ಟಿನೊಳಗೆ ಮಲಗಿ, ಬೇಕಾದಾಗ ಮೇಲೇಳುತ್ತವೆ. ಎಬ್ಬಿಸುವುದು ನಿರ್ವಾತ. ಆ ನಿರ್ವಾತವನ್ನು ಕೂಡಿಡುವ ತೊಟ್ಟಿ ಬೇರೆಲ್ಲೂ ಇಲ್ಲ, ಚಾಸಿಯ ಮುಂದಿನ ಟೊಳ್ಳು ಅಡ್ಡತೊಲೆಯೇ ಅದು! ತೊಲೆಗೆ ತುಕ್ಕು ಹಿಡಿದು ತೂತು ಬಿದ್ದರೆ ಗಾಳಿ ನುಗ್ಗಿ ದೀಪಗಳು ತೂಕಡಿಸತೊಡಗುತ್ತವೆ. ಮೂಳೆಯ ರೋಗವನ್ನು ಕಣ್ಣು ಹೇಳುವುದೆಂದರೆ ಇದೇ. ಚಾಪ್ಮನ್ ಹಾಗೆಂದು ಯೋಚಿಸಿ ಮಾಡಿದ್ದಲ್ಲ, ಆದರೆ ಎಲ್ಲ ಫೈಬರ್ ಕಾರುಗಳಿಗೂ ಇಂಥದೊಂದು ಗಂಟೆ ಇರಬೇಕಿತ್ತು. ಮುಂದೆ ಎಲಾನಿಗೆ ಬಿಸಿ ಸತುವಿನಲ್ಲಿ ಅದ್ದಿ ತೆಗೆದ ಬದಲಿ ಚಾಸಿಗಳೇ ಬಂದವು.

ಕಳೆದ ಡಿಸೆಂಬರಿನಲ್ಲಿ ಅಳಿಯ ಊರಿಗೆ ಬಂದಿದ್ದ. ಮೊದಲ ದಿನವೇ ಕೊಟ್ಟಿಗೆಯ ಪಕ್ಕ ನೀಲಿ ಟಾರ್ಪಾಲಿನಡಿ ಮಲಗಿದ್ದ ಡಾಲ್ಫಿನ್ನಿನ ಹತ್ತಿರ ಹೋದ. ಕೈಯಲ್ಲಿ ಟಾರ್ಚು, ಸ್ಕ್ರೂಡ್ರೈವರು. ಭಾವನವರಿಗೆ ಸಿಟ್ಟು. ‘ಏನು ನೋಡೋದು? ನಾಲ್ಕು ವರ್ಷದ ಹಿಂದೆ ಪೇಟೆಯ ವರ್ಕ್‌ಶಾಪಿನಲ್ಲಿ ಬಣ್ಣ ಹೊಡೆಸಿದ್ದೇನೆ. ಅಡಿಗೂ ಟಾರು ಬಳಿಸಿದ್ದೇನೆ’ ಎಂದರು. ಮಗ ಗೋಣಿ ಹಾಸಿಕೊಂಡು ಕೆಳಗೆ ತೂರಿದ. ಟಾರು ನುಣುಪಾಗಿ ಹೊಳೆಯುತ್ತಿತ್ತು. ಹಿಂದಿನ ಸ್ಪ್ರಿಂಗು ಚಾಸಿಗೆ ಕೂರುವಲ್ಲಿ ಸ್ಕ್ರೂಡ್ರೈವರಿನ ತುದಿ ಒತ್ತಿದ. ಹಿಡಿಯವರೆಗೆ ಇಳಿಯಿತು. ತುಕ್ಕನ್ನು ಕೆರೆಯದೆ ಮೇಲೆಯೇ ಟಾರು ಬಳಿದಿದ್ದರು. ಹೊರಗಿನ ನೀರು ತಡೆದರೇನು, ಒಳಗಿನದನ್ನು ಹೊರಹೋಗದಂತೆ ಬಂದೋಬಸ್ತು ಮಾಡಿದ್ದರು. ಟಾರ್ಪಾಲೂ ಅದನ್ನೇ ಮಾಡಿತ್ತು. ಮಣ್ಣಿನ ನೆಲದ ಮೇಲೆ ಪ್ಲಾಸ್ಟಿಕ್ ಹೊದಿಸಿ ನಿಲ್ಲಿಸಿದ ಕಾರಿನಡಿ ನೆಲದ ತೇವ ಹಬೆಯಾಗಿ ಎದ್ದು ಅಲ್ಲೇ ಹನಿಯುತ್ತದೆ. ಮಾಡಿನಡಿ, ಗಾಳಿಯಾಡುವಲ್ಲಿ, ಏನೂ ಹೊದಿಸದೆ ನಿಲ್ಲಿಸುವುದೇ ಲೇಸು. ಕಡಲ ತೀರದವರು ತಿಂಗಳಿಗೊಮ್ಮೆ ಅಡಿಗೆ ಸಿಹಿನೀರು ಹೊಡೆದು ಒಣಗಿಸಿದರೆ ಇನ್ನೂ ಒಳ್ಳೆಯದು.

ಭಾವನವರು ಸ್ಕ್ರೂಡ್ರೈವರನ್ನೇ ನೋಡುತ್ತಾ ಬಹಳ ಹೊತ್ತು ನಿಂತಿದ್ದರು. ‘ಇದರಲ್ಲೇ ನಿನ್ನನ್ನು ಮಣಿಪಾಲಕ್ಕೆ ಪರೀಕ್ಷೆಗೆ ಕರಕೊಂಡು ಹೋಗಿದ್ದು’ ಎಂದರು. ಅಷ್ಟೇ.

2021ರಲ್ಲಿ ಕೇಂದ್ರ ಸರಕಾರ ಮಾಡಿದ ನಿಯಮದಂತೆ 50 ವರ್ಷ ದಾಟಿದ ವಾಹನವನ್ನು ಪಾರಂಪರಿಕ ವಾಹನವೆಂದು ನೋಂದಾಯಿಸಿಕೊಳ್ಳಬಹುದು. ಮೂಲ ರೂಪ ಉಳಿದಿರಬೇಕು, ಚಾಸಿ, ಮೈ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಮೊದಲ ಡಾಲ್ಫಿನ್‌ಗಳಿಗೆ 50 ತುಂಬುವುದು 2032ರಲ್ಲಿ. ಆದ್ದರಿಂದ ಇದ್ದ ಚಾಸಿಯನ್ನೇ ಉಳಿಸಿಕೊಳ್ಳಬೇಕೆಂದು ತಂದೆ ಮಗ ತೀರ್ಮಾನಿಸಿದರು. ಕೊಳೆತಷ್ಟನ್ನೇ ಕತ್ತರಿಸಿ ಅದೇ ಅಳತೆಯ ಉಕ್ಕು ಬೆಸೆಯುವುದು, ಆಮೇಲೆ ಸತುವಿನಲ್ಲಿ ಅದ್ದಿಸುವುದು. ಸುಮಾರು 450 ಡಿಗ್ರಿ ಶಾಖದ ಸತು ಟೊಳ್ಳು ತೊಲೆಗಳ ಒಳಮೈಗೂ ಹರಿದು ಹಿಡಿಯುತ್ತದೆ, ಬ್ರಷ್ಷು ಮುಟ್ಟದ ಕಡೆಗೂ. ಗಾಳಿ ಹೊರಡಲು ತೂತು ಬಿಡುವುದನ್ನು ಮರೆಯಬಾರದು, ಶಾಖಕ್ಕೆ ಸೊಟ್ಟಗಾಗಿದೆಯೇ ಎಂದು ಅದ್ದುವ ಮುಂಚೆ, ಅದ್ದಿದ ಮೇಲೆ ಎರಡೂ ಸಲ ಅಳೆಯಬೇಕು.

ಅಳಿಯನ ರಜೆ ಮುಗಿಯುವ ಹಿಂದಿನ ದಿನ ತೋಟದ ಕೆಲಸಕ್ಕೆ ಬಂದ ಆರು ಜನ ಸೇರಿ ಮೈಯನ್ನು ಎತ್ತಿ ತೆಂಗಿನ ದಿಮ್ಮಿಗಳ ಮೇಲಿಟ್ಟರು. ಬಾಗಿಲ ಜಾಗಕ್ಕೆ ಊರೆಗೋಲು ಮೊದಲೇ ಬಿಗಿದಿತ್ತು. ಚಾಸಿಯನ್ನು ನಾಲ್ಕು ದಶಕಗಳಲ್ಲಿ ಮೊದಲ ಬಾರಿಗೆ ಬಿಸಿಲಿನಲ್ಲಿ ನೋಡಿದೆವು. ಬಿಚ್ಚಿದ ಬೋಲ್ಟುಗಳನ್ನು ಭಾವನವರು ಜಗಲಿಯ ಮೇಲೆ ಸಾಲಾಗಿ ಹರವಿಕೊಂಡು ಕೂತಿದ್ದರು. ಅಕ್ಕ ಒಳಗಿನಿಂದ ಖಾಲಿ ಉಪ್ಪಿನಕಾಯಿ ಬಾಟಲಿಗಳನ್ನು ತೊಳೆದು ತಂದುಕೊಟ್ಟಳು. ಕನ್ನಡಕ ಏರಿಸಿಕೊಂಡು ಅವರು ಮೊದಲ ಚೀಟಿ ಬರೆದರು: ‘ಎಡ, ಮುಂದೆ, ಒಂದು.’